ಕಾರ್ಖಾನೆ ಕಾರ್ಮಿಕರ ಕೈಗೆ ಬಂದಾಗ ಕೈಗಾರಿಕೆ ಬೆಳೆಯಿತೇ? ಯುಗೋಸ್ಲಾವಿಯಾದ ಲೆಕ್ಕ

ಓದುಗಿ

ಸಮಾಜವಾದಿ ದೇಶಗಳ ಕೈಗಾರಿಕೆ ಅಂದ ಕೂಡಲೇ ನಮ್ಮಲ್ಲಿ ಮಾತು ನೇರವಾಗಿ ಸೋವಿಯತ್ ಪಂಚವಾರ್ಷಿಕ ಯೋಜನೆಗೆ ಹೋಗಿಬಿಡುತ್ತದೆ. ಮ್ಯಾಗ್ನಿಟೊಗೋರ್ಸ್ಕ್‌ನ ಉಕ್ಕು, ಮಾಸ್ಕೋದಿಂದ ಬರುವ ಗುರಿ, ಅದನ್ನು ಮುಟ್ಟಿದ ಹಾಗೆ ಬರೆಯುವ ವರದಿ. ಯುಗೋಸ್ಲಾವಿಯಾದ ಕಥೆ ಹಾಗಿರಲಿಲ್ಲ. 1948ರ ಜೂನ್‌ನಲ್ಲಿ ಸ್ಟಾಲಿನ್ ಜೊತೆ ಜಗಳವಾಗಿ, ಮಾಸ್ಕೋ ಹಿಡಿತದ ಕಮ್ಯುನಿಸ್ಟ್ ಪಕ್ಷಗಳ ಕೂಟವಾದ ಕಾಮಿನ್‌ಫಾರ್ಮ್‌ನಿಂದ ಹೊರಬಿದ್ದ ಮೇಲೆ, 1950ರ ಜೂನ್‌ನಲ್ಲಿ ಟಿಟೊ ಸರ್ಕಾರ ಒಂದು ಕಾನೂನು ತಂದಿತು. ಕಾರ್ಖಾನೆ ನಡೆಸುವ ಅಧಿಕಾರ ಅಲ್ಲಿ ದುಡಿಯುವವರು ಆರಿಸಿದ ಕಾರ್ಮಿಕರ ಮಂಡಳಿಗೆ. ಅದಕ್ಕೂ ಮೊದಲೇ, 1949ರ ಡಿಸೆಂಬರ್ ಕೊನೆಯಲ್ಲಿ, ಸ್ಪ್ಲಿಟ್ ಊರಿನ ಪಕ್ಕದ ಸೊಲಿನ್‌ನ ಸಿಮೆಂಟ್ ಕಾರ್ಖಾನೆಯಲ್ಲಿ ಮೊದಲ ಮಂಡಳಿ ರಚನೆಯಾಗಿತ್ತು.

ಸುಮಾರು ನಾಲ್ಕು ದಶಕ ನಡೆದ ಪ್ರಯೋಗ ಇದು, ಒಂದೆರಡು ತಿಂಗಳ ಕ್ರಾಂತಿಯ ಉತ್ಸಾಹವಲ್ಲ. ಅದಕ್ಕೇ ನನಗೆ ಕುತೂಹಲ. ಕಾರ್ಮಿಕರು ಆಳಿದ್ದರಿಂದ ಕೈಗಾರಿಕೆಗೆ ಲಾಭವಾಯಿತೇ, ನಷ್ಟವಾಯಿತೇ? ಅಥವಾ ಅವರು ನಿಜವಾಗಿ ಆಳಲೇ ಇಲ್ಲವೇ? ಓದಿದವರು, ಕಾರ್ಖಾನೆಯಲ್ಲಿ ದುಡಿದವರು ಇಬ್ಬರೂ ಹೇಳಿ. ಯುದ್ಧ, ದೇಶ ಒಡೆದದ್ದು ಇವೆಲ್ಲ ಗೊತ್ತಿರುವ ಸಂಗತಿ. ಅದರಲ್ಲೇ ಚರ್ಚೆ ಮುಳುಗಿಹೋಗದಿದ್ದರೆ ಒಳ್ಳೆಯದು.

ಕೆಂಬಾವುಟ

ಲಾಭವಾಯಿತು, ಅದರಲ್ಲಿ ಎರಡು ಮಾತಿಲ್ಲ. 1948ರಲ್ಲಿ ಆ ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲು ಬೇಸಾಯದ ಮೇಲೆ ಬದುಕುತ್ತಿದ್ದರು. 1981ರ ಜನಗಣತಿಯ ಹೊತ್ತಿಗೆ ಅದು ಐದರಲ್ಲಿ ಒಂದು ಪಾಲಿಗೆ ಇಳಿದಿತ್ತು. 1950ರ ದಶಕದ ನಡುವಿನಿಂದ ಕೆಲವು ವರ್ಷ ಕೈಗಾರಿಕಾ ಉತ್ಪಾದನೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಬೆಳೆಯಿತು. ಯುದ್ಧದಲ್ಲಿ ನುಚ್ಚುನೂರಾಗಿದ್ದ ದೇಶ ಹಡಗು ಕಟ್ಟಿತು, ಟರ್ಬೈನ್ ಮಾಡಿತು, ಟೆಲಿಫೋನ್ ಮಾಡಿತು. ಲುಬ್ಲಿಯಾನಾದ ಲಿಟೊಸ್ಟ್ರೊಯ್, ಜಾಗ್ರೆಬ್‌ನ ಕೊಂಚಾರ್, ಸರಾಯೆವೊದ ಎನರ್ಗೊಇನ್ವೆಸ್ಟ್, ವೆಲೆನ್ಯೆಯ ಗೊರೆನ್ಯೆ. ಎಲ್ಲೂ ಸೇಠು ಇಲ್ಲ, ಷೇರುದಾರ ಇಲ್ಲ.

ಪಕ್ಕದ ಬಲ್ಗೇರಿಯಾ, ರುಮೇನಿಯಾಗಳಿಗೆ ಹೋಲಿಸಿದರೆ ಅಂಗಡಿಯಲ್ಲಿ ಸಾಮಾನು ಜಾಸ್ತಿ, ಕೈಯಲ್ಲಿ ಪಾಸ್‌ಪೋರ್ಟೂ ಇತ್ತು. ಕಾರ್ಮಿಕ ಅಡ್ಡಗೋಡೆ ದಾಟಿ ಓಡಿಹೋಗಬೇಕಾದ ಸಮಾಜವಾದವಲ್ಲ ಅದು.

ಸಂಶಯಾತ್ಮ

ಪಾಸ್‌ಪೋರ್ಟ್ ಇತ್ತು, ಸರಿ. ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋದರು ಅಂತಲೂ ಹೇಳಿ ಸ್ವಾಮಿ. 1970ರ ದಶಕದ ಆರಂಭದ ಹೊತ್ತಿಗೆ ಹತ್ತು ಲಕ್ಷದ ಹತ್ತಿರ ಜನ ಹೊರದೇಶದಲ್ಲಿ, ಹೆಚ್ಚಾಗಿ ಪಶ್ಚಿಮ ಜರ್ಮನಿಯಲ್ಲಿ, ಬಂಡವಾಳಿಗರ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ತಮ್ಮದೇ ಕಾರ್ಖಾನೆಯ ಒಡೆತನ ಅಷ್ಟು ರುಚಿಯಾಗಿದ್ದರೆ ಮ್ಯೂನಿಕ್‌ಗೆ ರೈಲು ಹತ್ತುತ್ತಿದ್ದರೇ?

ಮೊದಲ ದಶಕದ ಬೆಳವಣಿಗೆಯನ್ನು ಪೂರ್ತಿಯಾಗಿ ಮಂಡಳಿಗಳ ಖಾತೆಗೆ ಬರೆಯುವುದೂ ಸರಿಯಲ್ಲ. ಸ್ಟಾಲಿನ್ ಜೊತೆ ಕಿತ್ತುಕೊಂಡ ಮೇಲೆ ಅಮೆರಿಕ ಗೋಧಿ, ಸಾಲ, ಶಸ್ತ್ರ ಎಲ್ಲ ಕೊಟ್ಟಿತು. ಹಳ್ಳಿಯಿಂದ ಪೇಟೆಗೆ ಜನ ಬಂದಾಗ ಯಾವ ವ್ಯವಸ್ಥೆಯಲ್ಲಾದರೂ ಮೊದಮೊದಲು ಉತ್ಪಾದನೆ ಜಿಗಿಯುತ್ತದೆ. ಫ್ರಾಂಕೊನ ಸ್ಪೇನ್ ಕೂಡ 60ರ ದಶಕದಲ್ಲಿ ಜಿಗಿಯಿತು. ಅಲ್ಲಿ ಯಾವ ಕಾರ್ಮಿಕರ ಮಂಡಳಿ ಇತ್ತು?

ಮಿಲ್ಲಿಂಗ್ ಮೇಷ್ಟ್ರು

ಅಂಕಿ-ಅಂಶ ನೀವು ನೋಡಿಕೊಳ್ಳಿ. ನಾನು ಮಷಿನ್ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಟೂಲ್ ರೂಮಿನಲ್ಲಿ ಬಹಳ ಕಾಲ ದುಡಿದವನು ನಾನು.

ಯಾವ ಕಾರ್ಖಾನೆಯಲ್ಲೇ ಆಗಲಿ, ಮಷಿನ್ ಮೇಲೆ ನಿಂತವನಿಗೆ ಗೊತ್ತಿರುವ ಅರ್ಧ ವಿಷಯ ಮೇಲಿನವರಿಗೆ ಗೊತ್ತಿರುವುದಿಲ್ಲ. ಸ್ಪಿಂಡಲ್ ಬೆಚ್ಚಗಾದ ಮೇಲೆ ಸೈಜ್ ಎಷ್ಟು ಹೊರಗೆ ಹೋಗುತ್ತದೆ, ಯಾವ ಫಿಕ್ಸ್ಚರ್ ಒಂದು ಬೋಲ್ಟ್ ಬದಲಿಸಿದರೆ ಅರ್ಧ ಹೊತ್ತಿನಲ್ಲಿ ಕಟ್ಟಬಹುದು, ಯಾವ ಕಟರ್ ಕಂಪನಿಯವರು ಹೇಳಿದ್ದಕ್ಕಿಂತ ಜಾಸ್ತಿ ಫೀಡ್ ತಡೆಯುತ್ತದೆ. ಇವನ್ನೆಲ್ಲ ಆತ ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆ ಹೇಳಬೇಕು? ನಾನು ಕೆಲಸ ಮಾಡಿದ ಒಂದು ಕಡೆ ಒಬ್ಬ ಹುಡುಗ ಜಿಗ್ ಸುಧಾರಿಸಿ ಸೈಕಲ್ ಟೈಮ್ ಇಳಿಸಿದ. ಸಭೆಯಲ್ಲಿ ಚಪ್ಪಾಳೆ ತಟ್ಟಿ ಅವನಿಗೊಂದು ಗೋಡೆ ಗಡಿಯಾರ ಕೊಟ್ಟರು. ಮುಂದಿನ ತಿಂಗಳು ಇಡೀ ಲೈನಿನ ಟಾರ್ಗೆಟ್ ಏರಿಸಿದರು. ಆಮೇಲೆ ಆ ಲೈನಿನಲ್ಲಿ ಯಾರೂ ಏನನ್ನೂ ಸುಧಾರಿಸಲಿಲ್ಲ.

ಸೋವಿಯತ್‌ನಲ್ಲೂ ಇದೇ ಆಯಿತು. ಸ್ತಖಾನೊವ್ ಕಥೆ ಎಲ್ಲರಿಗೂ ಗೊತ್ತು. 1935ರ ಆಗಸ್ಟ್ 31ರಂದು ದೊನ್‌ಬಾಸ್‌ನ ಗಣಿಯಲ್ಲಿ ಒಂದು ಪಾಳಿಗೆ 7 ಟನ್ ಕಡಿಯಬೇಕಾದ ಕಡೆ 102 ಟನ್ ಕಲ್ಲಿದ್ದಲು. ಪೋಸ್ಟರ್‌ನಲ್ಲಿ ಕಾಣದಿದ್ದ ವಿಷಯ ಏನೆಂದರೆ, ಮೊದಲು ಒಬ್ಬನೇ ಕಡಿದು, ನಿಲ್ಲಿಸಿ, ಛಾವಣಿಗೆ ಮರದ ಆಸರೆ ಕೊಟ್ಟು, ಮತ್ತೆ ಕಡಿಯಬೇಕಿತ್ತು. ಅವತ್ತು ಆತ ಸುತ್ತಿಗೆ ಕೆಳಗಿಡದೆ ಕಡಿಯುತ್ತಲೇ ಹೋದ, ಹಿಂದಿನಿಂದ ಇಬ್ಬರು ಆಸರೆ ಕಂಬ ನಿಲ್ಲಿಸುತ್ತ ಬಂದರು. ಟನ್ ಎಲ್ಲ ಬಿದ್ದದ್ದು ಆತನ ಹೆಸರಿಗೆ. ಕೆಲಸ ಹಂಚಿಕೊಳ್ಳುವ ಕ್ರಮವೇನೋ ಒಳ್ಳೆಯದೇ, ನಿಜವಾದ ಸುಧಾರಣೆಯೇ. ಆದರೆ 1936ರಲ್ಲಿ ಕೈಗಾರಿಕೆ ಕೈಗಾರಿಕೆಗೂ ನಿಗದಿ ಪ್ರಮಾಣ ಏರಿಸಿದರು. ಸ್ತಖಾನೊವ್ ದಾರಿ ಹಿಡಿದು ದಾಖಲೆ ಮಾಡುವವರನ್ನು ಕಂಡರೆ ಜೊತೆ ಕೆಲಸಗಾರರೇ ಸಿಡಿಮಿಡಿಗುಟ್ಟುತ್ತಿದ್ದರು.

ಕಾರ್ಮಿಕರ ಆಡಳಿತದಿಂದ ಕೈಗಾರಿಕೆಗೆ ಲಾಭ ಅಂತ ಏನಾದರೂ ಇದ್ದರೆ ಅದು ಇಲ್ಲೇ ಇರಬೇಕು. ಉಳಿಸಿದ್ದು ನಮಗೇ ಬರುತ್ತದೆ ಅನ್ನೋದು ಖಾತ್ರಿಯಾದರೆ ಬಚ್ಚಿಟ್ಟ ಕಸುಬು ಹೊರಗೆ ಬರುತ್ತದೆ. ಯುಗೋಸ್ಲಾವಿಯಾದಲ್ಲಿ ಅದು ಖಾತ್ರಿಯಾಗಿತ್ತೇ? ತಿಳಿದವರು ಹೇಳಲಿ.

ಸಂಜೆಪಾಳಿ

@ಮಿಲ್ಲಿಂಗ್ ಮೇಷ್ಟ್ರು, ಅರ್ಧ ಖಾತ್ರಿಯಾಗಿತ್ತು.

1950ರ ಕಾನೂನಿನ ಪ್ರಕಾರ ಮಂಡಳಿಯಲ್ಲಿ 15ರಿಂದ 120 ಜನ. 30ಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಎಲ್ಲರೂ ಸೇರಿ ಮಂಡಳಿಯೇ. ಆ ಮಂಡಳಿ ಒಂದು ಸಣ್ಣ ಆಡಳಿತ ಸಮಿತಿಯನ್ನು ಆರಿಸಬೇಕು, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ನೇರ ಉತ್ಪಾದನೆಯಲ್ಲಿ ಇರುವವರೇ ಇರಬೇಕು. ಓದುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಮೊದಲಲ್ಲಿ ಡೈರೆಕ್ಟರನ್ನು ನೇಮಿಸುತ್ತಿದ್ದದ್ದು ಸರ್ಕಾರ, ಆಮೇಲೂ ಆ ಆಯ್ಕೆಯಲ್ಲಿ ಊರಿನ ಆಡಳಿತ ಸಂಸ್ಥೆಯಾದ ಕಮ್ಯೂನ್‌ಗೆ, ಅಂದರೆ ಪಕ್ಷಕ್ಕೆ, ಕೈ ಇತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

60–70ರ ದಶಕದಲ್ಲಿ ಅಲ್ಲಿಯ ಸಮಾಜಶಾಸ್ತ್ರಜ್ಞರೇ ಮಂಡಳಿ ಸಭೆಗಳಲ್ಲಿ ಕೂತು ಯಾರು ಎಷ್ಟು ಮಾತಾಡುತ್ತಾರೆ ಅಂತ ಬರೆದುಕೊಂಡರು. ಹೆಚ್ಚು ಮಾತು, ಹೆಚ್ಚು ಪ್ರಸ್ತಾವ ಡೈರೆಕ್ಟರ್ ಮತ್ತು ತಜ್ಞರದ್ದು. ಕೆಲಸಗಾರರ ದನಿ ಏರುತ್ತಿದ್ದದ್ದು ಸಂಬಳ ಮತ್ತು ಮನೆ ಹಂಚಿಕೆಯ ವಿಷಯ ಬಂದಾಗ. ಕಾರ್ಖಾನೆಯ ನಿಧಿಯಿಂದ ಕಟ್ಟಿಸಿದ ಫ್ಲ್ಯಾಟ್ ಯಾರಿಗೆ ಮೊದಲು, ಮಕ್ಕಳೆಷ್ಟು, ಸರ್ವಿಸ್ ಎಷ್ಟು, ಈಗಿರುವ ಮನೆಯಲ್ಲಿ ತೇವ ಇದೆಯೇ... ಆ ಪಟ್ಟಿಗಾಗಿ ರಾತ್ರಿಯವರೆಗೆ ಜಗಳ. ಬ್ಯಾಲೆನ್ಸ್ ಶೀಟ್ ಮಾತ್ರ ಬೇಗ ಪಾಸಾಗುತ್ತಿತ್ತು.

ಇದನ್ನು ಕೆಲವರು ತಮಾಷೆಯಾಗಿ ಹೇಳುತ್ತಾರೆ. ನನಗೆ ತಮಾಷೆ ಅನ್ನಿಸುವುದಿಲ್ಲ. ಮನೆ ಪಟ್ಟಿ ಅವರಿಗೆ ಅರ್ಥವಾಗುತ್ತಿತ್ತು, ಅದರ ಮೇಲೆ ಅವರಿಗೆ ನಿಜವಾದ ಹಿಡಿತವೂ ಇತ್ತು. ಇಲ್ಲಿ ಪ್ರಜಾಪ್ರಭುತ್ವ ಕೆಲಸ ಮಾಡುತ್ತಿತ್ತು ಅಂತ ಅರ್ಥ.

ಓದುಗಿ

ಹಾಗಾದರೆ ಬ್ಯಾಲೆನ್ಸ್ ಶೀಟ್ ಯಾಕೆ ಅರ್ಥವಾಗಲಿಲ್ಲ? ಓದು ಬರಹ ಕಡಿಮೆ ಅಂತಲಾ?

ಲೆಡ್ಜರ್ ಪುಟ

ಓದು ಬರಹದ ಪ್ರಶ್ನೆ ಸಣ್ಣದು. ಆ ಬ್ಯಾಲೆನ್ಸ್ ಶೀಟ್‌ನ ಮುಖ್ಯ ಸಾಲುಗಳನ್ನು ಮಂಡಳಿ ತೀರ್ಮಾನಿಸುತ್ತಲೇ ಇರಲಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಈ ಚರ್ಚೆಯ ಗಂಟು ಇಲ್ಲೇ ಇದೆ.

ಒಂದು ಕಾರ್ಖಾನೆ ಮಾಲು ಮಾರಿ ಹಣ ತಂದಿತು ಅಂದುಕೊಳ್ಳಿ. ಕಚ್ಚಾ ಸಾಮಗ್ರಿ, ಸವಕಳಿ, ತೆರಿಗೆ, ಸಾಲದ ಕಂತು ಕಳೆದು ಉಳಿದದ್ದನ್ನು ಎರಡು ಭಾಗ ಮಾಡಬೇಕು: ಕೆಲಸಗಾರರ ಕೈಗೆ ಹೋಗುವ ಆದಾಯ, ಕಾರ್ಖಾನೆಯ ನಿಧಿಗೆ ಹೋಗುವ ಉಳಿತಾಯ. 50ರ ದಶಕದಲ್ಲಿ ಈ ಹಂಚಿಕೆಯ ಮೇಲೆ ಸರ್ಕಾರದ ನಿಯಮ ಬಿಗಿಯಾಗಿತ್ತು. ದೊಡ್ಡ ಹೂಡಿಕೆಯ ಹಣವನ್ನು ಒಕ್ಕೂಟದ, ಅಂದರೆ ಗಣರಾಜ್ಯಗಳೆಲ್ಲ ಸೇರಿದ ಕೇಂದ್ರ ಸರ್ಕಾರದ, ಹೂಡಿಕೆ ನಿಧಿ ಎತ್ತಿಕೊಂಡು ತನಗೆ ಬೇಕಾದ ಕಡೆ ಹಾಕುತ್ತಿತ್ತು. ಕೆಂಬಾವುಟ ಹೇಳಿದ ಆ ವೇಗದ ಬೆಳವಣಿಗೆ ಬಂದದ್ದು ಈ ಕಾಲದಲ್ಲಿ, ಅದನ್ನು ಗಮನಿಸಬೇಕು. ಗೇಟಿನ ಒಳಗೆ ಮಂಡಳಿ, ಗೇಟಿನ ಹೊರಗೆ ಯೋಜನೆ.

1961ರಲ್ಲಿ ಸಂಬಳದ ಹಂಚಿಕೆಯನ್ನು ಕಾರ್ಖಾನೆಗಳಿಗೆ ಬಿಟ್ಟರು. ಸಂಬಳ ಸರ್ರನೆ ಏರಿತು, ಬೆಲೆಯೂ ಏರಿತು, ಮರುವರ್ಷವೇ ಲಗಾಮು ಎಳೆದರು. 1965ರ ದೊಡ್ಡ ಆರ್ಥಿಕ ಸುಧಾರಣೆಯಲ್ಲಿ ಮತ್ತೆ ಬಿಟ್ಟರು. ಅಷ್ಟರಲ್ಲಿ ಒಕ್ಕೂಟದ ಹೂಡಿಕೆ ನಿಧಿಯನ್ನು ಮುಚ್ಚಿ ಆ ಹಣವನ್ನು ಬ್ಯಾಂಕುಗಳಿಗೆ ವರ್ಗಾಯಿಸಿದ್ದರು.

ಈಗ ಕೆಲಸಗಾರನ ಜಾಗದಲ್ಲಿ ಕೂತು ನೋಡಿ. ಕಾರ್ಖಾನೆ ನನ್ನದಲ್ಲ, ಸಮಾಜದ್ದು. ನನ್ನ ಪಾಲು ಅಂತ ಮಾರುವ ಹಾಗಿಲ್ಲ, ನಿವೃತ್ತನಾಗುವಾಗ ಕೊಂಡೊಯ್ಯುವ ಹಾಗಿಲ್ಲ. ಹೊಸ ಪ್ರೆಸ್ ತರಲು ಇವತ್ತು ನನ್ನ ಸಂಬಳದಿಂದ ಕಡಿದರೆ ಅದರ ಫಲ ಹದಿನೈದು ವರ್ಷ ಬರುತ್ತದೆ, ನಾನು ಐದು ವರ್ಷದಲ್ಲಿ ರಿಟೈರ್. ಹಾಗಾದರೆ ಉಳಿತಾಯಕ್ಕೆ ಯಾಕೆ ಕೈ ಎತ್ತಲಿ? ಪಶ್ಚಿಮದ ಅರ್ಥಶಾಸ್ತ್ರಜ್ಞರು ಇದನ್ನು ಹಿಡಿದುಕೊಂಡು, ಇಂಥ ಕಾರ್ಖಾನೆಗಳು ಹೂಡಿಕೆಯನ್ನೇ ಮಾಡುವುದಿಲ್ಲ ಅಂದರು. ಬೆಂಜಮಿನ್ ವಾರ್ಡ್ ಎಂಬಾತ 1958ರಲ್ಲೇ ಇನ್ನೊಂದು ವಾದ ಹೂಡಿದ್ದ. ತಲಾ ಆದಾಯವೇ ಗುರಿಯಾದರೆ ಮಾಲಿನ ಬೆಲೆ ಏರಿದಾಗಲೂ ಕಾರ್ಖಾನೆ ಜನರನ್ನು ಸೇರಿಸಿಕೊಳ್ಳುವ ಬದಲು ಕಡಿಮೆ ಮಾಡುತ್ತದೆ ಅಂತ.

ಆದದ್ದು ಬೇರೆ. ಯುಗೋಸ್ಲಾವಿಯಾದ ಹೂಡಿಕೆ ಪ್ರಮಾಣ ಜಗತ್ತಿನಲ್ಲೇ ಎತ್ತರದ ಮಟ್ಟದ್ದಾಗಿತ್ತು. ಹೇಗೆ? ಸಂಬಳವನ್ನು ಕೈಯಲ್ಲಿ ತೆಗೆದುಕೊಂಡರು, ಮಷಿನ್‌ಗೆ ಬ್ಯಾಂಕ್ ಸಾಲ ತಂದರು. ಸಾಲದ ಬಡ್ಡಿಗಿಂತ ಹಣದುಬ್ಬರ ಜಾಸ್ತಿ ಇತ್ತು. ನೂರು ದಿನಾರ್ ಸಾಲ ತಂದವನು ಕೆಲವು ವರ್ಷದ ಮೇಲೆ ವಾಪಸು ಕೊಡುವಾಗ ಅದರ ಬೆಲೆ ಐವತ್ತೋ ಅರವತ್ತೋ ಆಗಿರುತ್ತಿತ್ತು. ಸಾಲ ಮಾಡದವನೇ ದಡ್ಡ. 70ರ ದಶಕದ ಕಾನೂನುಗಳ ನಂತರ ಆ ಬ್ಯಾಂಕುಗಳ ಆಡಳಿತದಲ್ಲಿ ಕೂತವರೂ ಸಾಲಗಾರ ಉದ್ಯಮಗಳ ಪ್ರತಿನಿಧಿಗಳೇ. ಕೊಡುವ ಕೈಯೂ ತೆಗೆದುಕೊಳ್ಳುವ ಕೈಯೂ ಒಂದೇ ಆದರೆ ಬೇಡ ಅನ್ನುವವರು ಯಾರು?

ಹೀಗೆ, ಕಾರ್ಮಿಕರು ಸಂಬಳ ತಿಂದು ಕಾರ್ಖಾನೆ ಮುಳುಗಿಸಿದರು ಅನ್ನುವುದು ಸುಳ್ಳು. ಯಾವ ಕಾರ್ಖಾನೆ ಎಲ್ಲಿ ಕಟ್ಟಬೇಕು, ಯಾವುದಕ್ಕೆ ಸಾಲ ಕೊಡಬೇಕು ಎಂಬ ತೀರ್ಮಾನ ಡೈರೆಕ್ಟರ್, ಬ್ಯಾಂಕ್, ಕಮ್ಯೂನ್‌ನ ಪಕ್ಷದವರು ಸೇರಿ ಮಾಡಿದರು. ಮಂಡಳಿ ಕೈ ಎತ್ತಿತು.

ಸಂಶಯಾತ್ಮ

ಲೆಡ್ಜರ್ ಅವರೇ, ನೀವು ಹೇಳಿದ್ದು ನನ್ನ ವಾದಕ್ಕೇ ಪುಷ್ಟಿ. ಹಣ ತಪ್ಪು ಕಡೆ ಹೋದರೆ ಕಳೆದುಕೊಳ್ಳುವವನು ಯಾರೂ ಇಲ್ಲದ ವ್ಯವಸ್ಥೆ ಅದು. ಒಡೆಯ ಇಲ್ಲ ಅಂದರೆ ಕಾವಲೂ ಇಲ್ಲ. 1987ರ ಅಗ್ರೊಕೊಮೆರ್ಟ್ಸ್ ಹಗರಣ ನೋಡಿ. ಬೋಸ್ನಿಯಾದ ವೆಲಿಕಾ ಕ್ಲಾದುಶಾದ ಆಹಾರ ಉದ್ಯಮ, ಸಾವಿರಾರು ಜನಕ್ಕೆ ಅನ್ನ ಕೊಟ್ಟದ್ದು. ಅದರ ಮುಖ್ಯಸ್ಥ ಫಿಕ್ರೆತ್ ಅಬ್ದಿಚ್ ಭದ್ರತೆಯೇ ಇಲ್ಲದ ಪ್ರಾಮಿಸರಿ ನೋಟುಗಳನ್ನು ದೇಶದ ಬ್ಯಾಂಕುಗಳ ತುಂಬ ಓಡಿಸಿದ. ಮೊತ್ತ ನೂರಾರು ಮಿಲಿಯನ್ ಡಾಲರ್. ದೇಶದ ಉಪಾಧ್ಯಕ್ಷ ಪೊಜ್ದೆರಾಟ್ಸ್ ರಾಜೀನಾಮೆ ಕೊಡಬೇಕಾಯಿತು. ಆ ಉದ್ಯಮದ ಕಾರ್ಮಿಕರ ಮಂಡಳಿ ಅಷ್ಟು ದಿನ ಏನು ಮಾಡುತ್ತಿತ್ತು?

ಕೆಂಬಾವುಟ

ಷೇರುದಾರರಿರುವ ಕಂಪನಿಗಳಲ್ಲಿ ಹಗರಣವೇ ಆಗುವುದಿಲ್ಲ ಅಂತ ಈಗಷ್ಟೇ ತಿಳಿಯಿತು. ಧನ್ಯವಾದ.

ಸಂಶಯಾತ್ಮ

ಆಗುತ್ತದೆ. ಆದರೆ ಅಲ್ಲಿ ಯಾರೂ ಅದನ್ನು ಮಾನವ ವಿಮೋಚನೆ ಅಂತ ಕರೆಯುವುದಿಲ್ಲ.

ಓದುಗಿ

ಇಬ್ಬರೂ ಚೆನ್ನಾಗಿ ಬಾರಿಸಿದಿರಿ, ಈಗ ಮುಂದೆ ಹೋಗೋಣ. ಒಂದು ಗೊಂದಲ ಇದೆ. ಕಾರ್ಮಿಕರೇ ಆಡಳಿತ ನಡೆಸುವ ಕಡೆ ಮುಷ್ಕರ ಆಗುತ್ತಿತ್ತೇ? ಯಾರ ವಿರುದ್ಧ?

ಸಂಜೆಪಾಳಿ

ಆಗುತ್ತಿತ್ತು. ಮೊದಲ ದೊಡ್ಡದು 1958ರ ಜನವರಿಯಲ್ಲಿ ಸ್ಲೊವೇನಿಯಾದ ಟರ್ಬೊವ್ಲ್ಯೆ ಕಲ್ಲಿದ್ದಲು ಗಣಿಯಲ್ಲಿ. ಅಕ್ಕಪಕ್ಕದ ಹ್ರಾಸ್ಟ್ನಿಕ್, ಜಾಗೊರ್ಯೆ ಗಣಿಗಳೂ ಸೇರಿಕೊಂಡವು, ಸಾವಿರಾರು ಜನ. ಕಾರಣ ನೋಡಿದರೆ ಲೆಡ್ಜರ್ ಅವರ ಮಾತು ಸ್ಪಷ್ಟವಾಗುತ್ತದೆ. ಕಲ್ಲಿದ್ದಲಿನ ಬೆಲೆ ಕಟ್ಟುತ್ತಿದ್ದದ್ದು ಸರ್ಕಾರ. ಬೆಲೆ ಕೆಳಗೇ ಇದ್ದರೆ ಗಣಿಯ ಆದಾಯ ಕಡಿಮೆ, ಆದಾಯ ಕಡಿಮೆಯಾದರೆ ಹಂಚಲು ಏನೂ ಇಲ್ಲ. ಮಂಡಳಿ ನಮ್ಮದೇ, ಆದರೆ ಪಾತ್ರೆಯೇ ಖಾಲಿ. ಹಾಗಾಗಿ ಮುಷ್ಕರ ಮಂಡಳಿಯನ್ನು ದಾಟಿ ನೇರ ಬೆಲ್‌ಗ್ರೇಡ್ ಕಡೆಗೆ. ಅಲ್ಲಿಂದ ಮುಂದೆ ಮುಷ್ಕರವನ್ನು ಕಾನೂನು ಒಪ್ಪಲೂ ಇಲ್ಲ, ನಿಷೇಧಿಸಲೂ ಇಲ್ಲ. ಹೆಚ್ಚಿನವು ಕೆಲವು ಗಂಟೆಯಲ್ಲಿ ಮುಗಿಯುತ್ತಿದ್ದವು. ಡೈರೆಕ್ಟರ್ ಓಡೋಡಿ ಬಂದು ಕೇಳಿದ್ದರಲ್ಲಿ ಅಷ್ಟಿಷ್ಟು ಕೊಟ್ಟುಬಿಡುತ್ತಿದ್ದ.

80ರ ದಶಕದಲ್ಲಿ ಅದು ಬೇರೆಯೇ ರೂಪ ತಾಳಿತು. 1987ರಲ್ಲಿ ಸಾವಿರಕ್ಕೂ ಹೆಚ್ಚು ಮುಷ್ಕರ. ಆ ಡಿಸೆಂಬರ್‌ನಲ್ಲಿ ಲಿಟೊಸ್ಟ್ರೊಯ್ ಕೆಲಸಗಾರರು ಬೀದಿಗಿಳಿದಾಗ ಸ್ವತಂತ್ರ ರಾಜಕೀಯ ಪಕ್ಷ ಬೇಕೆಂಬ ಮಾತೂ ಎದ್ದಿತು. 1988ರಲ್ಲಿ ವುಕೊವಾರ್ ಪಕ್ಕದ ಬೊರೊವೊ ಪಾದರಕ್ಷೆ ಕಾರ್ಖಾನೆಯವರು ಬೆಲ್‌ಗ್ರೇಡ್‌ನ ಸಂಸತ್ತಿನ ಮುಂದೆ ಹೋದರು. ಅಕ್ಟೋಬರ್‌ನಲ್ಲಿ ರಾಕೊವಿಟ್ಸಾದ ಕಾರ್ಖಾನೆಗಳವರು ಬಂದರು. ಸರ್ಬಿಯಾದ ನಾಯಕ, ಸರ್ಬ್ ರಾಷ್ಟ್ರೀಯತೆ ಹೊತ್ತಿಸುತ್ತಿದ್ದ ಮಿಲೊಸೆವಿಚ್ ಹೊರಗೆ ಬಂದು ಭಾಷಣ ಮಾಡಿದ. ಅವರು ಕೆಲಸಗಾರರಾಗಿ ಬಂದು ಸರ್ಬರಾಗಿ ಮರಳಿದರು ಅಂತ ಆ ಮೇಲೆ ಜನ ಆಡಿಕೊಂಡರು.

ಕೆಂಬಾವುಟ

ಕಾರ್ಮಿಕರ ಆಡಳಿತ ಸೋತಿತು ಅನ್ನುವವರು ಅದನ್ನು ಎಲ್ಲಾದರೂ ಕಾರ್ಮಿಕರ ಕೈಗೆ ಪೂರ್ತಿ ಬಿಟ್ಟುಕೊಟ್ಟದ್ದುಂಟೇ ಅಂತ ಕೇಳಿಕೊಳ್ಳಬೇಕು. ರಷ್ಯಾದಲ್ಲಿ 1917ರ ನವೆಂಬರ್‌ನಲ್ಲಿ ಕಾರ್ಮಿಕರ ಹತೋಟಿಯ ಆಜ್ಞೆ ಹೊರಟಿತು. 1918ರ ಮಾರ್ಚ್‌ನಲ್ಲೇ ರೈಲ್ವೆಯಲ್ಲಿ ಏಕವ್ಯಕ್ತಿ ಅಧಿಕಾರ. ಬೊಲ್ಶೆವಿಕ್ ಪಕ್ಷದೊಳಗಿನ ಅಲೆಕ್ಸಾಂದ್ರಾ ಕೊಲ್ಲೊಂತಾಯ್, ಶ್ಲ್ಯಾಪ್ನಿಕೊವ್ ಅವರ ಬಣ ಉತ್ಪಾದನೆಯ ಆಡಳಿತವನ್ನು ಕಾರ್ಮಿಕ ಸಂಘಗಳಿಗೆ ಕೊಡಿ ಅಂದಾಗ 1921ರ ಹತ್ತನೇ ಮಹಾಧಿವೇಶನ ಪಕ್ಷದೊಳಗಿನ ಬಣಗಳನ್ನೇ ನಿಷೇಧಿಸಿತು. 1929ರಲ್ಲಿ ಡೈರೆಕ್ಟರ್ ಮಾತೇ ಕೊನೆ ಅಂತ ಮತ್ತೆ ಮುದ್ರೆ ಒತ್ತಿದರು.

ಹಂಗೇರಿಯಲ್ಲಿ 1956ರ ನವೆಂಬರ್‌ನಲ್ಲಿ, ಸೋವಿಯತ್ ಟ್ಯಾಂಕ್ ಊರೊಳಗಿದ್ದಾಗಲೇ, ಬೃಹತ್ ಬುಡಾಪೆಸ್ಟ್‌ನ ಕೇಂದ್ರ ಕಾರ್ಮಿಕ ಮಂಡಳಿ ಕಟ್ಟಿದರು. ಅಧ್ಯಕ್ಷ ಶಾಂದೊರ್ ರಾಟ್ಸ್‌ಗೆ ಆಗ 23 ವರ್ಷ. ಡಿಸೆಂಬರ್‌ನಲ್ಲಿ ಮಾತುಕತೆಗೆ ಕರೆದು ಬಂಧಿಸಿದರು. ಪೋಲೆಂಡ್‌ನಲ್ಲಿ ಅದೇ ವರ್ಷ ಹುಟ್ಟಿದ ಮಂಡಳಿಗಳನ್ನು 1958ರಲ್ಲಿ ಪಕ್ಷ ಮತ್ತು ಸರ್ಕಾರಿ ಸಂಘದ ಜೊತೆ ಕಲಸಿ ಹಲ್ಲು ಕಿತ್ತರು. ಅಲ್ಜೀರಿಯಾದಲ್ಲಿ ದೇಶದ ನಾಯಕ ಬೆನ್ ಬೆಲ್ಲಾ 1963ರ ಮಾರ್ಚ್‌ನಲ್ಲಿ ಕಾರ್ಮಿಕರ ಆಡಳಿತದ ಆಜ್ಞೆ ಹೊರಡಿಸಿದ, 1965ರ ಜೂನ್‌ನಲ್ಲಿ ಸೈನ್ಯ ಅವನನ್ನೇ ಕೆಳಗಿಳಿಸಿತು.

ಸಂಶಯಾತ್ಮ

ರಷ್ಯಾದ ವಿಷಯದಲ್ಲಿ ಒಂದು ಮಾತು. 1920ರ ಹೊತ್ತಿಗೆ ದೊಡ್ಡ ಕೈಗಾರಿಕೆಯ ಉತ್ಪಾದನೆ 1913ರಲ್ಲಿದ್ದದ್ದರ ಐದನೇ ಒಂದು ಪಾಲಿನ ಮಟ್ಟಕ್ಕೆ ಬಿದ್ದಿತ್ತು. ಕಾರಣ ಅಂತರ್ಯುದ್ಧ, ಹಸಿವು, ಇಂಧನದ ಕೊರತೆ, ಒಪ್ಪುತ್ತೇನೆ. ಪೆಟ್ರೊಗ್ರಾದ್‌ನಿಂದ ಜನ ಹಳ್ಳಿಗೆ ಓಡಿಹೋದರು. ಆದರೆ ಒಂದೊಂದು ಕಾರ್ಖಾನೆಯ ಸಮಿತಿಯೂ ತನ್ನ ಕಲ್ಲಿದ್ದಲು ತನಗೆ, ತನ್ನ ಕಬ್ಬಿಣ ತನಗೆ ಅಂದಾಗ ರೈಲು ಯಾರು ಓಡಿಸಬೇಕಿತ್ತು? ಲೆನಿನ್ ಸರ್ವಾಧಿಕಾರದ ಆಸೆಯಿಂದಷ್ಟೇ ಆ ಆಜ್ಞೆ ಹೊರಡಿಸಿದ ಅಂತ ನನಗನ್ನಿಸುವುದಿಲ್ಲ. ಒಂದು ಕಾರ್ಖಾನೆಯ ಒಳಿತು, ಎಲ್ಲ ಕಾರ್ಖಾನೆಗಳ ಒಳಿತು, ಇವೆರಡನ್ನು ಹೊಂದಿಸುವುದು ಮಂಡಳಿಗಳಿಂದ ಆಗುವ ಕೆಲಸವಲ್ಲ. ಮಾರುಕಟ್ಟೆ ಬೇಕು, ಇಲ್ಲವೇ ದೊಣ್ಣೆ ಬೇಕು.

ಮಿಲ್ಲಿಂಗ್ ಮೇಷ್ಟ್ರು

ಮೂರನೆಯದೂ ಒಂದಿದೆ: ಒಪ್ಪಂದ. ಯುಗೋಸ್ಲಾವಿಯಾದವರು ಅದನ್ನೇ ಪ್ರಯತ್ನಿಸಿ ಕೈ ಸುಟ್ಟುಕೊಂಡದ್ದು. ಸಂಜೆಪಾಳಿ ಹೇಳಿದ ಮೇಲೆ ನಾನೂ ಓದಿಕೊಂಡೆ, ನನ್ನ ಕಸುಬಿಗೆ ಹತ್ತಿರದ ವಿಷಯವಾದ್ದರಿಂದ ನಿದ್ದೆಗೆಟ್ಟು ಓದಿದೆ.

1960ರ ಸುಮಾರಿಗೆ ಕಾರ್ಖಾನೆಯೊಳಗೆ ವಿಭಾಗಕ್ಕೊಂದು ಲೆಕ್ಕ ಶುರುಮಾಡಿದರು. ಫೌಂಡ್ರಿಯವರು ಕೋಕ್ ಉಳಿಸಿದರೆ ಅದರ ಪಾಲು ಫೌಂಡ್ರಿಯವರಿಗೇ. ನಾನು ಮೊದಲು ಕೇಳಿದ್ದು ಇದನ್ನೇ. ಬಚ್ಚಿಟ್ಟ ಕಸುಬು ಹೊರಗೆ ಬರುವ ದಾರಿ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಮೆಚ್ಚುತ್ತಿದ್ದೆ.

1974ರ ಸಂವಿಧಾನ ಮತ್ತು 1976ರ ಸಂಯೋಜಿತ ಶ್ರಮದ ಕಾನೂನು ಬಂತು. 671 ವಿಧಿಗಳಿರುವ ಕಾನೂನು! ಟಿಟೊನ ಸಹಚರ, ಪಕ್ಷದ ಸಿದ್ಧಾಂತಿ ಕಾರ್ದೆಲ್ಯ್ ಅವರ ತಲೆಯ ಕೂಸು. ಪ್ರತಿ ವಿಭಾಗವೂ ಕಾನೂನಿನ ಮುಂದೆ ಪ್ರತ್ಯೇಕ ಘಟಕವಾಯಿತು. ತನ್ನದೇ ಮಂಡಳಿ, ತನ್ನದೇ ಖಾತೆ. ಒಂದು ಕಾರ್ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಿ. ಪ್ರೆಸ್ ಶಾಪ್ ಒಂದು ಘಟಕ, ಬಾಡಿ ಶಾಪ್ ಒಂದು, ಪೇಂಟ್ ಶಾಪ್ ಒಂದು, ಅಸೆಂಬ್ಲಿ ಒಂದು. ಪೇಂಟ್ ಶಾಪಿಗೆ ಬಾಡಿ ಶಾಪಿನಿಂದ ಶೆಲ್ ಬರಬೇಕಾದರೆ ಎಷ್ಟು ಬೆಲೆಗೆ ಅಂತ ಇಬ್ಬರ ನಡುವೆ ಒಪ್ಪಂದ. ವೆಲ್ಡಿಂಗ್ ಸೀಮ್ ಒರಟಾಗಿ ಬಂದರೆ ಪುಟ್ಟಿ ಹಾಕಿ ಉಜ್ಜುವ ಖರ್ಚು ಯಾರದ್ದು? ನಮ್ಮಲ್ಲಾದರೆ ಫೋರ್‌ಮನ್ ಹೋಗಿ ನಾಲ್ಕು ಮಾತು ಬೈದು ಮುಗಿಸುವ ವಿಷಯ. ಅಲ್ಲಿ ಅದು ಎರಡು ಮಂಡಳಿಗಳ ನಡುವಿನ ಬೆಲೆಯ ತಕರಾರು. ಕಡೆಗೆ ಮಾರಾಟವಾದ ಕಾರಿನ ಹಣವನ್ನು ಎಲ್ಲರಿಗೂ ಯಾವ ಸೂತ್ರದಲ್ಲಿ ಹಂಚಬೇಕು ಅನ್ನುವುದಕ್ಕೆ ಮತ್ತೊಂದು ಒಪ್ಪಂದ, ಅದಕ್ಕೆ ಮತ ಹಾಕಲು ಮತ್ತೊಂದು ಸಭೆ.

ಈ ಕಾಗದ ಬರೆಯುವವರು ಯಾರು? ಲೇತ್ ಮೇಲೆ ನಿಂತವನಲ್ಲ. ವಕೀಲರು, ಲೆಕ್ಕಿಗರು, ಪಕ್ಷದ ಕಾರ್ಯದರ್ಶಿ. ಕಾರ್ಮಿಕನ ಹೆಸರಿನಲ್ಲಿ ಮಾಡಿದ ಕಾನೂನು ಕಾರ್ಮಿಕನಿಗೆ ಓದಲಾಗದಷ್ಟು ದಪ್ಪವಾಯಿತು.

ಓದುಗಿ

ಮೇಷ್ಟ್ರೇ, ಆ ಪೇಂಟ್ ಶಾಪ್ ಉದಾಹರಣೆ ಓದಿ ತಲೆ ತಿರುಗಿತು. ಇಷ್ಟಾದರೂ ಅವರು ಒಳ್ಳೆಯ ಮಾಲು ಮಾಡುತ್ತಿದ್ದರೇ?

ಮಿಲ್ಲಿಂಗ್ ಮೇಷ್ಟ್ರು

ಮಾಡುತ್ತಿದ್ದರು, ಎಲ್ಲ ಕಡೆ ಅಲ್ಲ. ಕ್ರಾನ್ಯ್‌ನ ಇಸ್ಕ್ರಾದವರ ಟೆಲಿಫೋನ್ 1978ರ ಹೊತ್ತಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬೇರೆ ದೇಶದವರು ಅದನ್ನೇ ನಕಲು ಹೊಡೆದರು. ದವೊರಿನ್ ಸಾವ್ನಿಕ್ ಮಾಡಿದ ವಿನ್ಯಾಸ. ಕ್ರಾಗುಯೆವಾಟ್ಸ್‌ನ ಜಾಸ್ತವಾ ಫಿಯೆಟ್ ಪರವಾನಗಿಯಲ್ಲಿ ಸಣ್ಣ ಕಾರು ಮಾಡಿ ದೇಶವನ್ನೇ ಚಕ್ರದ ಮೇಲೆ ಕೂರಿಸಿತು. 1985ರಲ್ಲಿ ಅವರ ಯುಗೊ ಕಾರು ಅಮೆರಿಕಕ್ಕೆ ಹೋಯಿತು, 3,990 ಡಾಲರಿಗೆ. ಅಲ್ಲಿ ಅದು ನಗೆಪಾಟಲಾದದ್ದು ಗೊತ್ತೇ ಇದೆ. ಬಿಡಿಭಾಗ ಕೊಡುವ ಉದ್ಯಮಗಳು ಗಣರಾಜ್ಯ ಗಣರಾಜ್ಯಕ್ಕೆ ಹಂಚಿಹೋಗಿದ್ದವು, ಗುಣಮಟ್ಟವನ್ನು ಒಬ್ಬರು ಹಿಡಿದು ನಿಲ್ಲಿಸುವ ಹಾಗಿರಲಿಲ್ಲ.

ಸಂಜೆಪಾಳಿ

ಚೀನಾದ್ದೂ ಒಂದು ಸಾಲು ಸೇರಿಸುತ್ತೇನೆ, ಮೇಷ್ಟ್ರಿಗೆ ಇಷ್ಟವಾಗಬಹುದು. 1960ರ ಮಾರ್ಚ್‌ನಲ್ಲಿ ಮಾವೊ ಮೆಚ್ಚಿ ಬರೆದ ಅನ್‌ಶಾನ್ ಉಕ್ಕು ಕಾರ್ಖಾನೆಯ ಮಾದರಿ: ಅಧಿಕಾರಿಗಳು ದೈಹಿಕ ಕೆಲಸಕ್ಕೆ ಇಳಿಯಬೇಕು, ಕೆಲಸಗಾರರು ಆಡಳಿತದಲ್ಲಿ ಕೂರಬೇಕು, ಅರ್ಥವಿಲ್ಲದ ನಿಯಮ ಕಿತ್ತುಹಾಕಬೇಕು, ಕೆಲಸಗಾರ, ಅಧಿಕಾರಿ, ತಂತ್ರಜ್ಞ ಮೂವರೂ ಸೇರಿ ತಾಂತ್ರಿಕ ಸಮಸ್ಯೆ ಬಿಡಿಸಬೇಕು. ಕಾಗದದ ಮೇಲೆ ಇದು ಮಂಡಳಿಗಿಂತ ಕಡಿಮೆ ಅಧಿಕಾರ, ಆದರೆ ಮಷಿನ್‌ಗೆ ಹತ್ತಿರ. ಆಚರಣೆಯಲ್ಲಿ ಆಗ ಮಹಾ ಮುನ್ನೆಗೆತದ (ಗ್ರೇಟ್ ಲೀಪ್ ಫಾರ್ವರ್ಡ್) ಹುಚ್ಚು, ಮುಂದೆ ಸಾಂಸ್ಕೃತಿಕ ಕ್ರಾಂತಿಯ ಹುಚ್ಚು. ತಂತ್ರಜ್ಞ ಬಾಯಿ ತೆರೆದರೆ ಬೂರ್ಜ್ವಾ ಅನ್ನಿಸಿಕೊಳ್ಳುವ ಕಾಲದಲ್ಲಿ ಮೂವರು ಕೂತು ಏನು ಬಿಡಿಸುತ್ತಾರೆ.

ಕೆಂಬಾವುಟ

ಪ್ರದೇಶಗಳ ನಡುವಿನ ಅಂತರದ ಬಗ್ಗೆ ಯಾರೂ ಹೇಳಲಿಲ್ಲ. ಇದು ನನ್ನ ಪಕ್ಷದವರಿಗೇ ಕಹಿಯಾದ ವಿಷಯ, ನಾನೇ ಹೇಳುತ್ತೇನೆ. ಸ್ಲೊವೇನಿಯಾ ಮತ್ತು ಕೊಸೊವೊ ನಡುವೆ ತಲಾ ಆದಾಯದ ಅಂತರ ಶುರುವಿನಲ್ಲಿ ಸುಮಾರು ಮೂರು ಪಟ್ಟು ಇದ್ದದ್ದು 80ರ ದಶಕದ ಕೊನೆಗೆ ಏಳೆಂಟು ಪಟ್ಟಾಯಿತು. ಕೊಸೊವೊದಲ್ಲಿ ಜನಸಂಖ್ಯೆ ವೇಗವಾಗಿ ಏರಿದ್ದೂ ಒಂದು ಕಾರಣ. ಆದರೆ ಆದಾಯ ಕಾರ್ಖಾನೆಯೊಳಗೇ ಹಂಚಿಕೆಯಾದರೆ ಒಳ್ಳೆಯ ಕಾರ್ಖಾನೆಯ ಗುಡಿಸುವವನು ಕೆಟ್ಟ ಕಾರ್ಖಾನೆಯ ಫಿಟ್ಟರ್‌ಗಿಂತ ಜಾಸ್ತಿ ತೆಗೆದುಕೊಳ್ಳುತ್ತಾನೆ. ಹಿಂದುಳಿದ ಪ್ರದೇಶಕ್ಕೆ ಒಕ್ಕೂಟದ ನಿಧಿ ಇತ್ತು. ಅಲ್ಲಿ ಆ ಹಣದಲ್ಲಿ ಬಂದದ್ದು ಗಣಿ, ವಿದ್ಯುತ್ ಸ್ಥಾವರ. ದುಡ್ಡು ಜಾಸ್ತಿ ಬೇಡುವ, ಕೆಲಸ ಕಡಿಮೆ ಕೊಡುವ ಉದ್ಯಮಗಳು. ಒಳಗಿದ್ದವರಿಗೆ ಮಂಡಳಿ, ಹೊರಗೆ ಕೆಲಸಕ್ಕಾಗಿ ನಿಂತವನಿಗೆ ಯಾವ ಮಂಡಳಿಯೂ ಇಲ್ಲ. 80ರ ದಶಕದ ನಡುವೆ ದೇಶದಲ್ಲಿ ನಿರುದ್ಯೋಗಿಗಳು ಹತ್ತು ಲಕ್ಷ ದಾಟಿದ್ದರು.

ಸಂಶಯಾತ್ಮ

ಇದನ್ನು ನೀವೇ ಹೇಳಿದ್ದಕ್ಕೆ ಮೆಚ್ಚುಗೆ. ನಾನು ಸುಮ್ಮನಿರುತ್ತೇನೆ, ಒಂದು ಪ್ರಶ್ನೆ ಬಿಟ್ಟು. ಕೊನೆಗೆ ಇದನ್ನು ಮುಗಿಸಿದ್ದು ಯಾರು? ಕಾರ್ಮಿಕರೇ ಬೇಡ ಅಂದರೇ?

ಲೆಡ್ಜರ್ ಪುಟ

ಅವರನ್ನು ಯಾರೂ ಕೇಳಲಿಲ್ಲ. 80ರ ದಶಕದ ಆರಂಭದಲ್ಲಿ ವಿದೇಶಿ ಸಾಲ ಸುಮಾರು 20 ಬಿಲಿಯನ್ ಡಾಲರ್. ಅಮೆರಿಕದಲ್ಲಿ ಬಡ್ಡಿ ದರ ಏರಿದಾಗ ಅದೇ ಸಾಲ ದುಬಾರಿಯಾಯಿತು. ಐಎಂಎಫ್ ಷರತ್ತು, ಆಮದು ಕಡಿತ. ಆಮದಾಗಬೇಕಾದ ಬಿಡಿಭಾಗ ಇಲ್ಲದೆ ಒಳ್ಳೆಯ ಕಾರ್ಖಾನೆಗಳೂ ಅರ್ಧ ಪಾಳಿ ಓಡಿದವು, ನಿಜ ಸಂಬಳ ಕುಸಿಯಿತು. 1988ರ ಡಿಸೆಂಬರ್‌ನ ಉದ್ಯಮ ಕಾನೂನು ಸಾಮಾನ್ಯ ಕಂಪನಿ, ಷೇರು, ವಿದೇಶಿ ಒಡೆತನ ಎಲ್ಲಕ್ಕೂ ಬಾಗಿಲು ತೆರೆಯಿತು. ಘಟಕ, ಒಪ್ಪಂದ, ಮಂಡಳಿ ಎಲ್ಲ ಅಲ್ಲಿಗೆ ಮುಗಿದ ಹಾಗೆಯೇ. 1989ರಲ್ಲಿ ಹಣದುಬ್ಬರ ಶೇ. 1,000 ದಾಟಿತು. 1990ರ ಜನವರಿಯಿಂದ ಆಂತೆ ಮಾರ್ಕೊವಿಚ್ ಸರ್ಕಾರ ಹಳೆಯ 10,000 ದಿನಾರ್‌ಗೆ ಹೊಸತೊಂದು ಮಾಡಿ, ಏಳು ದಿನಾರ್‌ಗೆ ಒಂದು ಜರ್ಮನ್ ಮಾರ್ಕ್ ಅಂತ ಕಟ್ಟಿಹಾಕಿತು. ಹಣದುಬ್ಬರ ಇಳಿಯಿತು. ಅದರ ಜೊತೆಗೇ ಅಗ್ಗದ ಸಾಲವೂ ನಿಂತು, ಅದರ ಮೇಲೇ ನಿಂತಿದ್ದ ಕಾರ್ಖಾನೆಗಳು ದಿವಾಳಿಯ ಸಾಲಿನಲ್ಲಿ ನಿಂತವು.

ಓದುಗಿ

ಆಮೇಲೆ ಆ ಕಾರ್ಖಾನೆಗಳು ಯಾರ ಪಾಲಾದವು? ಕೆಲಸಗಾರರಿಗೆ ಏನಾದರೂ ಸಿಕ್ಕಿತೇ?

ಲೆಡ್ಜರ್ ಪುಟ

ಗಣರಾಜ್ಯಕ್ಕೊಂದು ಕಥೆ. ಸ್ಲೊವೇನಿಯಾದಲ್ಲಿ 1992ರ ಕಾನೂನಿನ ಪ್ರಕಾರ ಷೇರುಗಳಲ್ಲಿ ಒಂದು ಪಾಲು ಅಲ್ಲಿಯ ನೌಕರರಿಗೆ ಮತ್ತು ನಿವೃತ್ತರಿಗೆ, ಒಂದು ಪಾಲು ಪಿಂಚಣಿ ನಿಧಿಯಂಥವಕ್ಕೆ, ಉಳಿದದ್ದು ಪ್ರಮಾಣಪತ್ರದ ಮೂಲಕ ಜನರಿಗೆ. ಬಹಳಷ್ಟು ಕಡೆ ಆ ಷೇರುಗಳನ್ನು ಕೆಲವೇ ವರ್ಷಗಳಲ್ಲಿ ಮ್ಯಾನೇಜರುಗಳು ಮತ್ತು ನಿಧಿಗಳು ಕೊಂಡುಕೊಂಡವು. ಕ್ರಾಗುಯೆವಾಟ್ಸ್‌ನ ಕಾರ್ ಕಾರ್ಖಾನೆಯ ಮೇಲೆ 1999ರಲ್ಲಿ ನೇಟೊ ಬಾಂಬ್ ಬಿತ್ತು. 2008ರಲ್ಲಿ ಫಿಯೆಟ್ ಬಂತು, ಈ ಸಲ ಪರವಾನಗಿ ಕೊಡಲಿಕ್ಕಲ್ಲ, ಒಡೆತನಕ್ಕೆ. ಗೊರೆನ್ಯೆಯನ್ನು 2018ರಲ್ಲಿ ಚೀನಾದ ಹೈಸೆನ್ಸ್ ಕೊಂಡಿತು.

ಕೆಂಬಾವುಟ

ಅಂದರೆ ಹೆಸರಿಗಾದರೂ ಇನ್ನೂ ಸಮಾಜವಾದಿಯಾಗಿರುವ ದೇಶದ ಕಂಪನಿ!

ಮಿಲ್ಲಿಂಗ್ ಮೇಷ್ಟ್ರು

ಅಲ್ಲಿಯ ಪೇಂಟ್ ಶಾಪಿನವರನ್ನು ಈಗ ಯಾರಾದರೂ ಏನಾದರೂ ಕೇಳುತ್ತಾರಾ ಅಂತ ತಿಳಿದವರಿದ್ದರೆ ಬರೆಯಿರಿ.